ಪಹಣಿ ಇನ್ನೂ ಅಜ್ಜನ ಹೆಸರಲ್ಲಿದೆ, ಸಣ್ಣ ಅಡಿಕೆ ತೋಟಕ್ಕೆ ಸರ್ಕಾರದ ಸಹಾಯ ಸಿಗುತ್ತದೆಯೇ?

ಶಿರಸಿ ಕಡೆ 1 ಎಕರೆ 10 ಗುಂಟೆ ತೋಟ, ಅಜ್ಜ, ಅಪ್ಪ ಇಬ್ಬರೂ ತೀರಿಕೊಂಡಿದ್ದಾರೆ ಎಂದಿದ್ದೀರಿ. ಹಾಗಾದರೆ ತೋಟಗಾರಿಕೆ ಇಲಾಖೆಗೆ ಈಗಲೇ ಅಲೆಯಬೇಡಿ. ಮೊದಲು ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಆಗಬೇಕು.

ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸಿ, ಇಬ್ಬರ ಮರಣ ಪ್ರಮಾಣಪತ್ರವನ್ನೂ ಇಟ್ಟು ಅರ್ಜಿ ಕೊಡಿ. ಇಲ್ಲಿ ಎಡವುವುದು ಒಂದೇ ಕಡೆ: ಮದುವೆಯಾಗಿ ಹೋದ ಅತ್ತೆಯರ ಹೆಸರು ಬಿಟ್ಟುಬಿಡುವುದು. ಆಮೇಲೆ ತಕರಾರು ಬಂದರೆ ಖಾತೆ ಅಲ್ಲಿಗೇ ನಿಲ್ಲುತ್ತದೆ. ಎಲ್ಲರ ಹೆಸರೂ ಸೇರಿ ಜಂಟಿ ಖಾತೆಯಾದರೂ ಅಡ್ಡಿಯಿಲ್ಲ, ಸಹಾಯಧನದ ಅರ್ಜಿಗೆ ಉಳಿದವರ ಒಪ್ಪಿಗೆ ಪತ್ರ ಬೇಕಾಗುತ್ತದೆ, ಅಷ್ಟೆ.

ಪಹಣಿ ಬದಲಾದ ಮೇಲೆ ಆಧಾರ್, ಪಾಸ್‌ಬುಕ್ ಹಿಡಿದು ರೈತ ಸಂಪರ್ಕ ಕೇಂದ್ರದಲ್ಲಿ ಎಫ್‌ಐಡಿ (ರೈತರ ಗುರುತಿನ ಸಂಖ್ಯೆ) ಮಾಡಿಸಿ. ಸರ್ವೆ ನಂಬರುಗಳೆಲ್ಲ ಅದರಲ್ಲಿ ಸೇರಿವೆಯೇ ಎಂದು ಅಲ್ಲೇ ನೋಡಿಕೊಳ್ಳಿ. ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡು, ನಿಮ್ಮ ಅನುಭೋಗದಲ್ಲಿದ್ದರೂ ಮಾಲ್ಕಿ (ಸ್ವಂತ ಜಮೀನು) ಅಲ್ಲ. ಅದನ್ನು ಹಿಡುವಳಿಗೆ ಸೇರಿಸಿ ಲೆಕ್ಕ ಹಾಕಬೇಡಿ.

ಪಿಎಂ ಕಿಸಾನ್‌ನಲ್ಲಿ ವರ್ಷಕ್ಕೆ 6,000 ರೂಪಾಯಿ, ಮೂರು ಕಂತು. 2019ರ ಫೆಬ್ರವರಿ 1ರ ನಂತರ ಜಮೀನು ಹೆಸರಿಗೆ ಬಂದವರಿಗೆ ಇಲ್ಲ ಎನ್ನುವ ನಿಯಮ ನಿಜ, ಆದರೆ ವಾರಸಾಗಿ ಬಂದದ್ದಕ್ಕೆ ವಿನಾಯಿತಿ ಇದೆ. ಇ-ಕೆವೈಸಿ (ಆಧಾರ್ ಮೂಲಕ ಗುರುತು ದೃಢೀಕರಣ) ಬಿಟ್ಟರೆ ಕಂತು ನಿಲ್ಲುತ್ತದೆ.

ಮಲೆನಾಡಿನ ತೋಟಕ್ಕೆ ಇದಕ್ಕಿಂತ ದೊಡ್ಡದು ಹವಾಮಾನ ಆಧಾರಿತ ಬೆಳೆ ವಿಮೆ. ಅಡಿಕೆಗೂ ಇದೆ, ಕಾಳುಮೆಣಸಿಗೂ ಇದೆ. ರೈತರ ಪಾಲು ವಿಮಾ ಮೊತ್ತದ ಶೇ 5. ಹೆಕ್ಟೇರಿಗೆ 1,28,000 ರೂಪಾಯಿ ಎಂದು ಹಿಡಿದರೆ ನಿಮ್ಮ ಅರ್ಧ ಹೆಕ್ಟೇರಿಗೆ ಸುಮಾರು 3,200 ರೂಪಾಯಿ. ಸೊಸೈಟಿಯಲ್ಲಿ ಬೆಳೆಸಾಲ ಇದ್ದರೆ ಅಲ್ಲೇ ಕಟ್ಟಿಸಿಕೊಳ್ಳುತ್ತಾರೆ, ಇಲ್ಲದಿದ್ದರೆ ಮಳೆಗಾಲದ ಆರಂಭದಲ್ಲಿ ಪ್ರಕಟವಾಗುವ ಕೊನೆಯ ದಿನದೊಳಗೆ ನೀವೇ ಕಟ್ಟಬೇಕು. ಪರಿಹಾರ ನಿರ್ಧಾರವಾಗುವುದು ಮಳೆಮಾಪಕದ ಅಂಕಿಅಂಶದ ಮೇಲೆ. ನಿಮ್ಮ ತೋಟದಲ್ಲಿ ಕೊಳೆರೋಗ ಬಂದು ಅರ್ಧ ಕೊನೆ (ಅಡಿಕೆ ಗೊನೆ) ಉದುರಿದ್ದನ್ನು ಯಾರೂ ಬಂದು ಎಣಿಸುವುದಿಲ್ಲ. ಮಾಪಕ ಕೆಟ್ಟಿದ್ದರೆ ಪಂಚಾಯಿತಿಗೇ ಬೇಗ ತಿಳಿಸಿ.

ವಿಮೆ ತಿರಸ್ಕಾರವಾಗಲು ಒಂದು ಕಾರಣ ಬೆಳೆ ಸಮೀಕ್ಷೆ, ಅಂದರೆ ಯಾವ ಜಮೀನಿನಲ್ಲಿ ಯಾವ ಬೆಳೆ ಎಂಬ ಸರ್ಕಾರಿ ದಾಖಲೆ, ತಪ್ಪಾಗಿರುವುದು. ತೋಟಕ್ಕೆ ಭತ್ತ ಎಂದು ದಾಖಲಾಗಿರುವುದು ಅಪರೂಪವೇನಲ್ಲ. ಅಡಿಕೆ ಬಂದು ಕಾಳುಮೆಣಸು ಬಿಟ್ಟುಹೋಗುವುದಂತೂ ಮಾಮೂಲಿ. ‘ಬೆಳೆ ದರ್ಶಕ’ ಆ್ಯಪ್‌ನಲ್ಲಿ ಸರ್ವೆ ನಂಬರ್ ಹಾಕಿ ನೋಡಿ. ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಹಾಕಬಹುದು, ಆದರೆ ಅವಧಿ ಮುಗಿಯುವುದರೊಳಗೆ.

ದೋಟಿ (ಕೊನೆ ಕೊಯ್ಯುವ ಉದ್ದ ಕೋಲು), ಕಳೆ ಕೊಚ್ಚುವ ಯಂತ್ರ, ಹನಿ ನೀರಾವರಿ ಇವಕ್ಕೆಲ್ಲ ಸಹಾಯಧನ ಆಯಾ ವರ್ಷದ ಅನುದಾನ ಇರುವವರೆಗೆ ಮಾತ್ರ. ಕಾರ್ಯಾದೇಶ (ಇಲಾಖೆಯ ಮಂಜೂರಾತಿ ಪತ್ರ) ಕೈಗೆ ಬರುವ ಮೊದಲು ಖರೀದಿಸಿದ ಬಿಲ್ಲು ನಡೆಯುವುದಿಲ್ಲ. ಶೇಕಡಾವಾರು ಲೆಕ್ಕವೂ ಅಂಗಡಿಯ ಬಿಲ್ಲಿನ ಮೇಲಲ್ಲ, ಇಲಾಖೆ ನಿಗದಿ ಮಾಡಿದ ಘಟಕ ವೆಚ್ಚದ ಮೇಲೆ. ಹಣ ಜಮಾ ಆಗುವುದು ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ. ಎರಡು ಮೂರು ಖಾತೆ ಇದ್ದರೆ ಯಾವುದಕ್ಕೆ ಜೋಡಣೆಯಾಗಿದೆ ಎಂದು ಬ್ಯಾಂಕಿನಲ್ಲಿ ಮೊದಲೇ ಕೇಳಿಕೊಳ್ಳಿ.