ಹಾಂಗ್‌ಕಾಂಗ್‌ನ ಹಳೇ ಡಿಮ್ ಸಮ್ ಹೋಟೆಲ್‌ಗೆ ಮೊದಲ ಸಲ ಹೋಗುವವರಿಗೆ ಏನು ಗೊತ್ತಿರಬೇಕು?

ಅಪ್ಪ ಅಮ್ಮನ ಜೊತೆ ಹಾಂಗ್‌ಕಾಂಗ್‌ಗೆ ಬರುತ್ತಿದ್ದೀರಿ, ಒಂದು ಬೆಳಗ್ಗೆ ಹಳೇ ಕಾಲದ ಡಿಮ್ ಸಮ್ ಹೋಟೆಲ್‌ನಲ್ಲಿ ಕೂರಬೇಕು, ಅಮ್ಮ ಮಾತ್ರ ಸಸ್ಯಾಹಾರಿ ಅಂತ ಬರೆದಿದ್ದೀರಿ. ನಾನು ಹಾಂಗ್‌ಕಾಂಗ್‌ನಲ್ಲೇ ಕೆಲಸದಲ್ಲಿದ್ದೇನೆ. ಡಿಮ್ ಸಮ್ ಅಂದರೆ ಟೀ ಜೊತೆ ಹಂಚಿಕೊಂಡು ತಿನ್ನುವ ಚಿಕ್ಕ ಚಿಕ್ಕ ತಿಂಡಿಗಳು, ಹೆಚ್ಚಿನವು ಹಬೆಯಲ್ಲಿ ಬೇಯಿಸಿದವು. ಭಾನುವಾರದ ಬೆಳಗಿನ ಡಿಮ್ ಸಮ್ ಅಂದರೆ ನನಗೆ ಪ್ರಾಣ.

ಎಲ್ಲಕ್ಕಿಂತ ಮೊದಲು, ಅವಸರ ಬೇಡ. ಇಲ್ಲಿ ಟೀ ಮುಖ್ಯ, ತಿಂಡಿ ಅದರ ಜೊತೆಗೆ ಬರುವಂಥದ್ದು. ಕೂತ ಕೂಡಲೇ ಯಾವ ಟೀ ಅಂತ ಕೇಳುತ್ತಾರೆ. ಹಾಲು, ಸಕ್ಕರೆ ಇರುವುದಿಲ್ಲ. ಕಪ್ಪಗೆ, ಮಣ್ಣಿನ ವಾಸನೆಯ ಬೊ ಲೇ ಟೀಯನ್ನು ಇಲ್ಲಿನವರು ಜಾಸ್ತಿ ಕುಡಿಯುತ್ತಾರೆ. ಎಣ್ಣೆ, ಕೊಬ್ಬಿನ ತಿಂಡಿಗೆ ಅದು ಚೆನ್ನಾಗಿ ಹೊಂದುತ್ತದೆ. ಅಮ್ಮನಿಗೆ ಮಲ್ಲಿಗೆ ಟೀ ಹಿಡಿಸಬಹುದು. ಮೊದಲು ಬಂದ ಬಿಸಿ ಟೀಯಲ್ಲೇ ಬಟ್ಟಲು, ಲೋಟ, ಚಾಪ್‌ಸ್ಟಿಕ್ ತೊಳೆದು ಆ ನೀರನ್ನು ದೊಡ್ಡ ಬೋಗುಣಿಗೆ ಚೆಲ್ಲುವುದು ವಾಡಿಕೆ. ಅದನ್ನು ಕುಡಿಯಬೇಡಿ. ಟೀ ಮುಗಿದರೆ ಕೂಗಬೇಕಾಗಿಲ್ಲ. ಕೆಟಲ್‌ನ ಮುಚ್ಚಳ ಓರೆ ಮಾಡಿಡಿ, ಬಂದು ಬಿಸಿನೀರು ತುಂಬಿಸುತ್ತಾರೆ. ಯಾರಾದರೂ ನಿಮ್ಮ ಲೋಟಕ್ಕೆ ಟೀ ಹಾಕಿದರೆ ಎರಡು ಬೆರಳಿಂದ ಮೇಜು ತಟ್ಟಿ, ಅದೇ ಥ್ಯಾಂಕ್ಸ್. ಮಾತು ನಿಲ್ಲಿಸಬೇಕಾಗಿಲ್ಲ ಅನ್ನುವುದೇ ಅದರ ಚೆಂದ.

ಬಿದಿರಿನ ಬುಟ್ಟಿಗಳನ್ನು ಹೊತ್ತ ತಳ್ಳುಗಾಡಿ ಈಗ ಎಲ್ಲ ಕಡೆ ಇಲ್ಲ. ಹೆಚ್ಚಿನ ಕಡೆ ಕಾಗದದ ಪಟ್ಟಿಯಲ್ಲಿ ಟಿಕ್ ಮಾಡಿ ಕೊಡಬೇಕು. ಗಾಡಿಯೇ ನೋಡಬೇಕು ಅಂದರೆ ಸೆಂಟ್ರಲ್ ಬಡಾವಣೆಯ ಸಿಟಿ ಹಾಲ್‌ನಲ್ಲಿರುವ ಮ್ಯಾಕ್ಸಿಮ್ಸ್ ಪ್ಯಾಲೇಸ್‌ಗೆ ಹೋಗಿ. ಹಳೇ ಕಾಲದ ಮರದ ಕೆಲಸ ನೋಡುವ ಆಸೆ ಇದ್ದರೆ ಸ್ಟಾನ್ಲಿ ಸ್ಟ್ರೀಟ್‌ನ ಲುಕ್ ಯು ಟೀ ಹೌಸ್ ಇದೆ, 1933ರಿಂದ ನಡೆಯುತ್ತಿದೆ. ಅಲ್ಲಿ ಬೆಲೆ ಜಾಸ್ತಿ. ಜನ ಹೆಚ್ಚಿದ್ದರೆ ಕೆಲವು ಕಡೆ ಅಪರಿಚಿತರ ಮೇಜಿಗೇ ಕೂರಿಸುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ.

ಒಟ್ಟಿಗೆ ಎಲ್ಲಾ ಆರ್ಡರ್ ಮಾಡಬೇಡಿ. ಎರಡು ಮೂರು ಬುಟ್ಟಿ ತರಿಸಿ, ಹಂಚಿಕೊಂಡು ತಿಂದು, ಆಮೇಲೆ ಮತ್ತೆ ಹೇಳಿ. ಆರಿದ ಡಿಮ್ ಸಮ್‌ಗೆ ರುಚಿಯೇ ಇಲ್ಲ. ಹೋಟೆಲ್ ಹೇಗಿದೆ ಅಂತ ತಿಳಿಯಲು ನಾನು ಮೊದಲು ಹಾರ್ ಗಾವ್ ತರಿಸುತ್ತೇನೆ. ಅದು ಸೀಗಡಿ ತುಂಬಿದ ಕಡುಬು. ಹೊದಿಕೆಯನ್ನು ಗೋಧಿಯ ಪಿಷ್ಟದಿಂದ ಮಾಡುತ್ತಾರೆ. ಒಳಗಿನ ಸೀಗಡಿಯ ಕೆಂಪು ಹೊರಗೆ ಕಾಣಬೇಕು, ಆದರೆ ಚಾಪ್‌ಸ್ಟಿಕ್‌ನಲ್ಲಿ ಎತ್ತಿದಾಗ ಹರಿಯಬಾರದು. ಇದು ಸರಿಯಿದ್ದರೆ ಉಳಿದದ್ದೂ ಸಾಮಾನ್ಯವಾಗಿ ಸರಿಯಿರುತ್ತದೆ. ಆಮೇಲೆ ಚಿಯುಂಗ್ ಫನ್. ಅಕ್ಕಿಹಿಟ್ಟನ್ನು ನೀರುದೋಸೆಯ ಹಾಗೆ ತೆಳ್ಳಗೆ ಹಬೆಯಲ್ಲಿ ಬೇಯಿಸಿ, ಸುರುಳಿ ಸುತ್ತಿ, ಮೇಲೆ ಸಿಹಿ ಸೋಯಾ ಸಾಸ್ ಸುರಿಯುತ್ತಾರೆ. ಕೋಳಿ ಪಾದ ನೋಡಿ ಹಿಂಜರಿಯಬೇಡಿ. ಅದನ್ನು ಕರಿದು, ನೆನೆಸಿ, ಕಪ್ಪು ಸೋಯಾ ಕಾಳಿನ ಮಸಾಲೆಯಲ್ಲಿ ಬೇಯಿಸಿರುತ್ತಾರೆ. ಮೂಳೆ ಉಗಿಯುವುದು ಇಲ್ಲಿ ಅಸಭ್ಯವಲ್ಲ. ಅಪ್ಪ ಮಾಂಸ ತಿನ್ನುವವರಾದರೆ ಖಂಡಿತ ಇಷ್ಟಪಡುತ್ತಾರೆ.

ಅಮ್ಮನ ವಿಷಯದಲ್ಲಿ ತುಂಬಾ ಹುಷಾರು. ಮೂಲಂಗಿ ಕೇಕ್ ಅನ್ನುವ ಹೆಸರು ನೋಡಿ ತರಿಸಬೇಡಿ. ಅದರಲ್ಲಿ ಒಣ ಸೀಗಡಿ, ಹಂದಿ ಸಾಸೇಜ್ ಇರುತ್ತದೆ. ಕೆಸುವಿನ ಗಡ್ಡೆಯ ವಡೆಯೊಳಗೆ ಹಂದಿ ಮಾಂಸ. ಸಿಹಿ ಬನ್, ಮೊಟ್ಟೆ ಟಾರ್ಟ್‌ನ ಹಿಟ್ಟಿಗೂ ಎಷ್ಟೋ ಕಡೆ ಹಂದಿ ಕೊಬ್ಬು ಬೆರೆಸುತ್ತಾರೆ. ಮಾಂಸ ಬೇಡ ಅಂದರೆ ಮಾಂಸದ ತುಂಡು ಬೇಡ ಅಂತಷ್ಟೇ ಅರ್ಥ ಮಾಡಿಕೊಳ್ಳುವವರೂ ಇದ್ದಾರೆ. ಅದಕ್ಕೇ ಇಂಥ ಹೋಟೆಲ್‌ನಲ್ಲಿ ಅಮ್ಮ ಟೀ ಕುಡಿದು ಸುಮ್ನೆ ಕೂರಬೇಕಾಗಬಹುದು. ಅದು ಸರಿಯಲ್ಲ ಅಲ್ವಾ? ಒಂದು ಹೊತ್ತು ಅವರಿಗಾಗಿ ಡೈಮಂಡ್ ಹಿಲ್ ಬಡಾವಣೆಗೆ ಹೋಗಿ. ಅಲ್ಲಿ ಚಿ ಲಿನ್ ಬೌದ್ಧ ಸನ್ಯಾಸಿನಿಯರ ಮಠದ ಎದುರಿನ ನಾನ್ ಲಿಯಾನ್ ತೋಟದಲ್ಲಿ, ಜಲಪಾತದ ಹಿಂದೆ, ಪೂರ್ತಿ ಸಸ್ಯಾಹಾರದ ಹೋಟೆಲ್ ಇದೆ. ಮೆಟ್ರೋ ನಿಲ್ದಾಣದಿಂದ ನಡೆದೇ ಹೋಗಬಹುದು. ಮೂವರೂ ಒಂದೇ ಬುಟ್ಟಿಯಿಂದ ತಿನ್ನಬಹುದು.

ಬಿಲ್‌ನಲ್ಲಿ ಒಬ್ಬೊಬ್ಬರಿಗೂ ಟೀ ಹಣ ಬೇರೆ ಸೇರಿಸುತ್ತಾರೆ. ಮೇಲೆ ಶೇ 10ರಷ್ಟು ಸರ್ವಿಸ್ ಚಾರ್ಜ್ ಬೀಳುವುದೂ ಸಾಮಾನ್ಯ. ಕಾರ್ಡ್ ತೆಗೆದುಕೊಳ್ಳದ ಹಳೇ ಹೋಟೆಲ್‌ಗಳೂ ಇವೆ, ಸ್ವಲ್ಪ ನಗದು ಇಟ್ಟುಕೊಳ್ಳಿ.