ಓದುಗರ ಪ್ರಶ್ನೆ: ಫೋಮ್ ಫ್ಲೈ ನೀರಿಗೆ ಬಿದ್ರೆ ಪದರ ಬಿಟ್ಕೊಳ್ಳುತ್ತೆ, ಏನ್ ಮಾಡ್ಲಿ?

ಪ್ರಶ್ನೆ: ಕೊಕ್ಕೆ ಮೇಲೆ ಫೋಮ್ ಕಟ್ಟಿ ಮಿಡತೆ, ಇರುವೆ ಥರ ಫ್ಲೈ (ಮೀನು ಹಿಡಿಯೋಕೆ ಗಾಳಕ್ಕೆ ಹಾಕೋ ನಕಲಿ ಹುಳ) ಮನೇಲೇ ಮಾಡ್ತಿದೀನಿ. 2 ಮಿ.ಮೀ. ಕ್ರಾಫ್ಟ್ ಫೋಮ್ ಎರಡು ಪದರ ಕಟ್ ಮಾಡಿ ಸೂಪರ್ ಗ್ಲೂ ಹಾಕಿ ಅಂಟಿಸ್ತೀನಿ, ಸ್ವಲ್ಪ ಹೊತ್ತು ನೀರಲ್ಲಿ ಎಸೆದಾಡಿದ್ರೆ ಬಾಯಿ ಬಿಡುತ್ತೆ. ಕತ್ತರೀಲಿ ಅಂಚೂ ಓರೆ ಬರುತ್ತೆ. ಯಾವ ಅಂಟು ಒಳ್ಳೇದು?

ಉತ್ತರ: ಅಂಟು ಆಮೇಲೆ ನೋಡೋಣ, ಮೊದ್ಲು ಕೆಲಸದ ಕ್ರಮ ತಿರುಗಿಸಿ. ಕಟ್ ಮಾಡಿ ಅಂಟಿಸ್ಬೇಡಿ, ದೊಡ್ಡ ತುಂಡುಗಳನ್ನೇ ಅಂಟಿಸಿ ಒಂದಿನ ಬಿಟ್ಟು ಆಮೇಲೆ ಕಟ್ ಮಾಡಿ, ಆಗ ಎರಡೂ ಪದರದ ಅಂಚು ತಾನಾಗೇ ಸಮ ಬರುತ್ತೆ, ಅಂಟು ಪಕ್ಕಕ್ಕೆ ಉಕ್ಕೋ ತಲೆನೋವೂ ಇಲ್ಲ.

ಸೂಪರ್ ಗ್ಲೂ ಗಾಳಿಯ ತೇವಕ್ಕೆ ಗಟ್ಟಿಯಾಗೋ ಅಂಟು, ಒಣಗಿದ್ಮೇಲೆ ಗಾಜಿನ ಹಾಗೆ ಬಿರುಸು, ಫೋಮ್ ಬಾಗುತ್ತೆ ಅದು ಬಾಗಲ್ಲ, ಅದಕ್ಕೇ ಬಿರುಕು ಬಿಡೋದು. ಜಾಸ್ತಿ ಹಾಕಿದಷ್ಟೂ ಕೆಟ್ಟದು. ಪದರಗಳಿಗೆ ಚಪ್ಪಲಿ ರಿಪೇರಿಯವರು ಹಚ್ಚೋ ಹಳದಿ ರಬ್ಬರ್ ಅಂಟೇ ನನ್ನ ಆಯ್ಕೆ. ಫೋಮ್ ಮೇಲಿನ ನಯ ಹೋಗೋ ಹಾಗೆ ಸ್ಯಾಂಡ್ ಪೇಪರ್ ಲೈಟಾಗಿ ಉಜ್ಜಿ, ಸ್ಪಿರಿಟ್‌ನಲ್ಲಿ ಒರೆಸಿ, ಎರಡೂ ಕಡೆ ತೆಳ್ಳಗೆ ಹಚ್ಚಿ, ಆಮೇಲೆ ಕಾಯಿರಿ. ಜನ ತಪ್ಪೋದೇ ಇಲ್ಲಿ, ಹಸಿ ಇದ್ದಾಗ್ಲೇ ಒತ್ತಿಬಿಡ್ತಾರೆ. ಬೆರಳು ಇಟ್ರೆ ಅಂಟು ಕೈಗೆ ಬರಬಾರ್ದು, ಸಾಮಾನ್ಯವಾಗಿ 5ರಿಂದ 10 ನಿಮಿಷ ಸಾಕು, ಮಳೆಗಾಲದಲ್ಲಿ ಇನ್ನೂ ಸ್ವಲ್ಪ. ಒಂದ್ಸಲ ತಾಗಿದ್ರೆ ಸರಿಸೋಕಾಗಲ್ಲ, ಹಾಗಾಗಿ ಒಂದು ಅಂಚಿಂದ ಶುರು ಮಾಡಿ ಒತ್ತುತ್ತಾ ಹೋಗಿ. ಕಿಟಕಿ ತೆಗೆದಿಟ್ಕೊಳ್ಳಿ, ವಾಸನೆ ತಲೆಗೆ ಹತ್ತುತ್ತೆ.

ಸೂಪರ್ ಗ್ಲೂ ಎಸೀಬೇಡಿ, ಕೊಕ್ಕೆಗೆ ಅದೇ ಬೇಕು. ಬರೀ ಸ್ಟೀಲ್ ಮೇಲೆ ಫೋಮ್ ಕೂತ್ರೆ ಗಿರಗಿರ ತಿರುಗುತ್ತೆ, ಅದಕ್ಕೆ ಮೊದ್ಲು ಕೊಕ್ಕೆ ಕಾಂಡಕ್ಕೆ ದಾರ ಸುತ್ತಿ, ಫೋಮ್ ಹೊಟ್ಟೇಲಿ ಸೀಳು ಮಾಡಿ ಒಂದು ಹನಿ ಹಾಕಿ ಕೂರಿಸಿ. ಫೋಮ್ ಮೇಲೆ ದಾರ ಸುತ್ತಿ ಕಟ್ಟುವಾಗ ಸಣ್ಣ ದಾರ ಫೋಮ್‌ನ್ನೇ ಕತ್ತರಿಸಿಬಿಡುತ್ತೆ, ಸ್ವಲ್ಪ ದಪ್ಪ ದಾರ ತಗೊಂಡು ಮೊದಲೆರಡು ಸುತ್ತು ಸಡಿಲವಾಗಿ ಹಾಕಿ ಆಮೇಲೆ ಬಿಗಿ ಮಾಡಿ.

ಅಂಚು ಓರೆ ಬರೋದು ಕತ್ತರಿ ಫೋಮ್‌ನ್ನ ಅಮುಕೋದ್ರಿಂದ. ಹೊಸ ಶೇವಿಂಗ್ ಬ್ಲೇಡು, ಸ್ಟೀಲ್ ಸ್ಕೇಲು, ಒಂದೇ ಏಟಿಗೆ ಬೇಡ, ಮೆಲ್ಲಗೆ ಎರಡು ಮೂರು ಸಲ ಎಳೀರಿ. ಬ್ಲೇಡು ಮೊಂಡಾದ್ರೆ ಬಿಸಾಕಿ, ಇಲ್ಲಿ ಜಿಪುಣತನ ಬೇಡ. ಗುಂಡನೆ ದೇಹ ಬೇಕಿದ್ರೆ ಹಳೇ ರೇಡಿಯೋ ಏರಿಯಲ್ ಪೈಪಿನ ಬಾಯಿ ಹೊರಗಿಂದ ಮಸೆದು ಹರಿತ ಮಾಡಿ, ತಿರುಗಿಸ್ತಾ ಇಳಿಸಿ. ಜೋರಾಗಿ ಒತ್ತಿದ್ರೆ ತುಂಡು ನಡುವೆ ಸೊಂಟ ಕಟ್ಟಿದ ಹಾಗೆ ಬರುತ್ತೆ.

ಪ್ರಶ್ನೆ: ಥರ್ಮೋಕೋಲ್‌ಗೆ ಅದೇ ಹಳದಿ ಅಂಟು ಹಚ್ಚಿದೆ, ಕರಗೋಯ್ತು!

ಉತ್ತರ: ಕರಗ್ಲೇಬೇಕು, ಥರ್ಮೋಕೋಲ್ ಅಂದ್ರೆ ಪಾಲಿಸ್ಟೈರೀನ್ ಅನ್ನೋ ಪ್ಲಾಸ್ಟಿಕ್, ಆ ಅಂಟಿನ ದ್ರಾವಕ ಅದನ್ನ ತಿನ್ನುತ್ತೆ. ಥರ್ಮೋಕೋಲ್ ಬಿಟ್ಬಿಡಿ, ಮೀನಿನ ಹಲ್ಲಿಗೂ ತಾಳಲ್ಲ. ಹಳೇ ಹಗುರ ಇವಿಎ (ಒಂಥರ ಮೆತ್ತನೆ ಪ್ಲಾಸ್ಟಿಕ್ ಫೋಮ್) ಚಪ್ಪಲಿ ಸಿಕ್ಕಿದ್ರೆ ಅದು ಎಷ್ಟೋ ವಾಸಿ. ಸೋಫಾ ಸ್ಪಾಂಜ್ ಮಾತ್ರ ಬೇಡ್ವೇ ಬೇಡ, ನೀರು ಕುಡಿದು ಮುಳುಗುತ್ತೆ.

ಪ್ರಶ್ನೆ: ನಮ್ಮ ಕಡೆ ಇದು ಯಾವ ಮೀನಿಗೆ?

ಉತ್ತರ: ಮುರ್ರೆಲ್‌ಗೆ (ಹಾವಿನಂಥ ತಲೆ ಇರೋ ಮೀನು) ಟ್ರೈ ಮಾಡಿ, ಅದು ಉಸಿರಿಗೆ ಮೇಲೆ ಬರೋ ಮೀನು, ನೀರಿನ ಮೇಲೆ ಕಪ್ಪೆ ಥರ ಕುಪ್ಪಳಿಸೋ ದಪ್ಪ ಫೋಮ್‌ಗೆ ಹಾರಿ ಬೀಳುತ್ತೆ. ಕೆರೆ ಯಾರದ್ದು, ಪರ್ಮಿಷನ್ ಇದ್ಯಾ ಅಂತ ವಿಚಾರಿಸ್ಕೊಂಡೇ ಹೋಗಿ. ಕಾವೇರಿ ವನ್ಯಧಾಮದ ಒಳಗೆ ಗಾಳ ಹಾಕೋ ಯೋಚನೆನೇ ಬೇಡ, ಅಲ್ಲಿರೋ ಡುಬ್ಬದ ಮಹಶೀರ್ ಮೀನನ್ನ ಐಯುಸಿಎನ್ (ಪ್ರಕೃತಿ ಸಂರಕ್ಷಣೆಯ ಅಂತಾರಾಷ್ಟ್ರೀಯ ಸಂಸ್ಥೆ) 2018ರಲ್ಲೇ ಅಳಿವಿನ ತೀರಾ ಅಂಚಿನ ಪಟ್ಟಿಗೆ ಹಾಕಿದೆ.