ಸಿನಿಮಾ, ಟಿವಿ ಕಂಪನಿಗಳಲ್ಲಿ ಸ್ಟ್ರಾಟಜಿ ಮುಖ್ಯಸ್ಥರು ಮಾಡೋ ಕೆಲಸ ಏನು?
ಸರಳವಾಗಿ ಹೇಳೋದಾದರೆ, ಯಾವ ಕಂಪನಿ ಕೊಳ್ಳಬೇಕು, ಎಷ್ಟಕ್ಕೆ ಕೊಳ್ಳಬೇಕು ಅಂತ ಲೆಕ್ಕ ಹಾಕೋದೇ ಜಾಸ್ತಿ. ಡಿಸ್ನಿಯಲ್ಲಿದ್ದ ಕೆವಿನ್ ಮೇಯರ್ ಅವರನ್ನೇ ನೋಡಿ. ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್, ಆಮೇಲೆ ಎಂಬಿಎ. 1993ರಲ್ಲಿ ಡಿಸ್ನಿ ಸೇರಿದರು, ನಡುವೆ ಬಿಟ್ಟು ಹೋಗಿ 2005ರಲ್ಲಿ ಸ್ಟ್ರಾಟಜಿ ವಿಭಾಗಕ್ಕೆ ವಾಪಸ್ ಬಂದರು. ಅಲ್ಲಿಂದ ಪಿಕ್ಸಾರ್, ಮಾರ್ವೆಲ್, ಲ್ಯೂಕಾಸ್‌ಫಿಲ್ಮ್, ಕೊನೆಗೆ 2019ರಲ್ಲಿ ಸುಮಾರು 71 ಬಿಲಿಯನ್ ಡಾಲರಿನ ಫಾಕ್ಸ್, ಎಲ್ಲ ಖರೀದಿಯ ಹಿಂದೆಯೂ ಇವರಿದ್ದರು. ನಮ್ಮ ಸ್ಟಾರ್ ಸುವರ್ಣ ಡಿಸ್ನಿ ಕೈಗೆ ಹೋಗಿದ್ದೂ ಫಾಕ್ಸ್ ಜೊತೆಗೇ ಅಲ್ವಾ. ಡಿಸ್ನಿ ಪ್ಲಸ್ ಶುರುವಾಗಿದ್ದೂ ಇವರ ಉಸ್ತುವಾರಿಯಲ್ಲೇ. ಇಷ್ಟೆಲ್ಲ ಮಾಡಿದರೂ 2020ರಲ್ಲಿ ಸಿಇಒ ಕುರ್ಚಿ ಸಿಕ್ಕಿದ್ದು ಥೀಮ್ ಪಾರ್ಕುಗಳನ್ನು ನೋಡಿಕೊಳ್ಳುತ್ತಿದ್ದ ಬಾಬ್ ಚಾಪೆಕ್ ಅವರಿಗೆ. ಮೇಯರ್ ಟಿಕ್‌ಟಾಕ್‌ಗೆ ಹೋದರು, ಮೂರೇ ತಿಂಗಳಲ್ಲಿ ಅದನ್ನೂ ಬಿಟ್ಟರು.